ಮೂರನೆಯ ಕೂಗು

ಬೆಳಕವಾಡಿಯಿಂದ ಬ್ಲಫ್‌ನ ವಿದ್ಯುತ್ ಕೇಂದ್ರಕ್ಕೆ ಹೋಗುವ ರಸ್ತೆಯಲ್ಲಿ, ಗದ್ದೆಗಳ ನಡುವೆ ಪುಟ್ಟಸ್ವಾಮಿ ಛತ್ರವಿದೆ. ಮುಂದೆ ದಾರಿಹೋಕರ ಜಗಲಿ, ಹಿಂದೆ ಕೊಟ್ಟಿಗೆ, ಕಣ. ಅದನ್ನು ಗುತ್ತಿಗೆಗೆ ಪಡೆದು ಹೋಂಸ್ಟೇ ಮಾಡುವ ಯೋಚನೆಯಿಂದ ವನಜಾ ಮಂಡ್ಯದಿಂದ ಬಂದಿದ್ದಳು. ಊಟ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಐದು ಗಂಟೆಗೆ ಮಗಳನ್ನು ಶಾಲೆಯಿಂದ ಕರೆದುಕೊಳ್ಳಬೇಕು, ಆಗಲೇ ಎರಡೂವರೆ.

ಕಳೆ ಕೀಳುತ್ತಿದ್ದ ಹೆಂಗಸರೂ ಜಗಲಿ ಸೇರಿದ್ದರು. ಪಾತ್ರೆ ಮುಚ್ಚುವ ಮುನ್ನ ಛತ್ರದ ಯಜಮಾನಿ ದೇವಿರಮ್ಮ, ಗಂಟಲು ಕಟ್ಟಿದೆಯೆಂದು ಹೇಳಿ, ಬಾಗಿಲಲ್ಲಿ ನಿಂತು ಕೂಗುವ ಕೆಲಸವನ್ನು ವನಜಾಳಿಗೆ ವಹಿಸಿದ್ದರು. "ಉಣ್ಣದೋರು ಯಾರಾದ್ರೂ ಇದ್ದೀರಾ?" ಮೂರು ಸಲ. ಮೂರನೆಯದಕ್ಕೆ ಮಳೆಯೊಳಗಿಂದ ಗಂಡಸಿನ ದನಿ "ನಾನಿವ್ನಿ" ಎಂದಿತ್ತು. ತನ್ನ ಕಾರಿನ ಡ್ರೈವರ್ ಸಿದ್ದರಾಜುವೆಂದುಕೊಂಡು ಪಡಸಾಲೆಯಲ್ಲಿ ಎಲೆ ಹಾಕಿ, ಮುದ್ದೆ ಬಡಿಸಿ ಬಂದಿದ್ದಳು.

"ಮಳೆ ನಿಲ್ಲೋಗಂಟ ಒಂದು ಇಸ್ಯ ಏಳ್ತೀನಿ, ಕೇಳವ್ವ," ಎಂದರು ದೇವಿರಮ್ಮ.

"ಗಂಟ್ಲು ಕಟ್ಟೈತೆ ಅಂತೀಯ, ಕತೆ ಮಾತ್ರ ಸರಾಗ!" ಎಂದು ಕಳೆಯವರಲ್ಲಿ ಹಿರಿಯಳಾದ ಪಟ್ಟಲಮ್ಮ ಛೇಡಿಸಿದಳು.

"ನಮ್ಮ ಮಾವನೋರಪ್ಪ ಪುಟ್ಟಸ್ವಾಮಿ, ದಿನಾ ಬಾಗ್ಲು ಆಕೋ ಮುಂಚೆ ಮೂರು ಸಲ ಕೂಗೋನು. ಒಂದಿನ ಇಂಗೇ ಮಳೆ... ಎರಡೇ ಸಲ ಕೂಗಿ, ಈ ಮಳೇಲಿ ಯಾವನು ಬತ್ತಾನೆ ಅಂತ ಅಗುಳಿ ಆಕ್ಬುಟ್ಟ. ಬೆಳಗ್ಗೆ ನೋಡುದ್ರೆ, ಬ್ಲಫ್‌ಗೆ ಕೂಲಿಗೆ ಓಯ್ತಿದ್ದೋನು ಒಬ್ಬ, ಒಸ್ತಿಲ ಮೇಲೆ ತಲೆ ಮಡಗಿ ತಣ್ಣಗಾಗಿದ್ದ. ಮಾರನೇ ದಿನ ಮೂರೂ ಸಲ ಕೂಗುದ್ರೆ... ಓಗೊಟ್ಟ ಕಣವ್ವ, ಅವನೇ! ಎಲೆ ಆಕುದ್ರು. ಮುದ್ದೆ ಕರಗ್ತು, ಸಾರು ಆರ್ತು, ಉಣ್ಣೋನು ಕಾಣ. ಉಣ್ಣಕ್ಕೆ ಕರ್ದೋರು, ಉಂಡೋನು ಏಳೋಕೆ ಮುಂಚೆ ಎದ್ದೋಗ್ಬೋದಾ? ಅವನು ಏಳ್ನಿಲ್ಲ. ಪುಟ್ಟಸ್ವಾಮಿ ಅಂಗಳ ದಾಟಕ್ಕೋದ್ರೆ ಕಾಲು ತಿರುಗಿ ಬಾಗ್ಲಿಗೇ ಬತ್ತಿತ್ತು. ಇನ್ನೊಬ್ರು ಕರೆದು, ಅವರಿಗವನು ಓಗೊಟ್ರೇನೇ ಮುಂಚಿನೋರಿಗೆ ಬುಡುಗಡೆ. ಪುಟ್ಟಸ್ವಾಮಿ ಸೊಸೆ ಕೈಲಿ ಕೂಗಿಸ್ದ. ಆ ಸೊಸೆ, ನಮ್ಮತ್ತೆ, ನಾನು ಮದುವೆಯಾಗಿ ಬಂದ ವಾರಕ್ಕೇ ನನ್ನ ಕೈಲಿ ಕೂಗ್ಸಿ, ಅವತ್ತೇ ಅನಕೆರೆಗೆ ತವರಿಗೋದ್ಲು. ಐವತ್ತಾರು ವರ್ಸ ಆಯ್ತು... ನನ್ನ ಮಗಳ ಮನೆ ಎಂಗೈತೋ ನಾನು ಕಂಡಿಲ್ಲ."

ಪಟ್ಟಲಮ್ಮ ಈಗ ನಗಲಿಲ್ಲ. ವನಜಾ ಎದ್ದು ಪಡಸಾಲೆಗೆ ಇಣುಕಿದಳು. ಎಲೆಯ ಮುಂದೆ ಯಾರೂ ಇರಲಿಲ್ಲ. ಮುದ್ದೆ ಅರ್ಧವಾಗಿತ್ತು, ಉಳಿದರ್ಧದಲ್ಲಿ ಬೆರಳುಗಳ ಗುರುತು ಹಸಿಯಾಗಿತ್ತು.

ಸಿದ್ದರಾಜು ತಲೆಗೆ ಟವಲು ಹಾಕಿಕೊಂಡು ಬಂದ. "ಒರಡಾನ್ವಾ ಮೇಡಂ? ಬುತ್ತಿ ಉಂಡು ಕಾರಲ್ಲೇ ಮಲಗ್ಬುಟ್ಟಿದ್ದೆ."

"ನಾನು ಕರೆದಾಗ ಓಗೊಟ್ಟಿದ್ದು ನೀನಲ್ವಾ?"

"ಕರುದ್ರಾ? ಕೇಳಿಸ್ನಿಲ್ಲ ಮೇಡಂ."

ದೇವಿರಮ್ಮ ಕೊಡೆ ಬಿಚ್ಚಿ ಜಗಲಿಯಿಂದಿಳಿದರು. ಅಂಗಳದ ಕೊನೆಯ ಕಲ್ಲಿನ ಬಳಿ ಒಂದು ಕ್ಷಣ ನಿಂತು, ದಾಟಿ, ರಸ್ತೆ ಮುಟ್ಟಿದರು.

ವನಜಾ ಓಡಿದಳು. ಇಪ್ಪತ್ತು ಹೆಜ್ಜೆ. ಕಾರಿನ ಬಾಗಿಲೆಂದು ಚಾಚಿದ ಕೈಗೆ ಛತ್ರದ ಬಾಗಿಲ ಮರದ ಅಗುಳಿ ಸಿಕ್ಕಿತು. ಮತ್ತೆ ಓಡಿದಳು. ಮತ್ತೆ ಅಗುಳಿ.

"ಸಿಟ್ಟು ಮಾಡ್ಕೋಬ್ಯಾಡ ಕಣವ್ವ," ರಸ್ತೆಯಿಂದ ಮುದುಕಿಯ ದನಿ ಬಂತು. "ಮಗಳ್ನ ಮಾತ್ರ ಇಲ್ಲಿಗೆ ಕರಸ್ಬ್ಯಾಡ... ನಾನೂ ಕರಸ್ನಿಲ್ಲ. ಓಗು, ಎಲೆಗೆ ಸಾರು ಬುಡು. ಇನ್ನೂ ಉಣ್ತಾವ್ನೆ."