ಸಾಕ್ಷಿ ಬೆರಳು

ಹೂಂ ಅವ್ವಾ ಅಲೀಮಾ, ಓದಾಕತ್ತೇನಿ! ನೀ ನೀರ ಕಾಸು ಹೋಗು... ಬಾಗಲಾ ಒಂಚೂರು ಮುಂದ ಮಾಡಿ ಹೋಗವ್ವಾ, ನಿಮ್ಮ ಮಾವಗ ಗಾಳಿ ಬಡೀತೈತಿ.

ಹೋದ್ಲು.

ಎಂಥಾ ಸೊಸಿ ಸಿಕ್ಕಾಳಪಾ ನಿನಗ, ರಾಜೇಸಾಬ! ಗಂಡನ್ನ ಇಮಾಮರನ್ನ ಕರ್ಯಾಕ ಕಳಿಸಿ, ನನಗ ಕೈ ಮುಗದ್ಲು. "ಚಾಚಾ, ಅವ್ರು ಬರೂತನಕ ಮಾವನ ಕಿವ್ಯಾಗ ಕಲಮಾ ಓದ್ರಿ, ಕೇಳಿ ಮನಸಿನ್ಯಾಗರೆ ಅಂದಾರು, ಕಲಮಾ ಇಲ್ದ ಹೋಗಬಾರ್ದು" ಅಂತ. ಯಾರಿಗೆ ಹೇಳ್ಯಾಳ ನೋಡು! ಅಯಾನನ ಅಪ್ಪಗ! ಪಾಪ, ಮೊನ್ನಿ ಮೊನ್ನಿ ಈ ಮನಿಗೆ ಬಂದಾಕಿ, ಆಕಿಗೇನ ಗೊತ್ತು.

ಯಾಕ ನಗ್ತಿ? ...ಓಹೋ, ನಗೂದಲ್ಲ ಅದು. ಲಕ್ವಾ ಹೊಡದು ಬಾಯಿ ಸೊಟ್ಟ ಆಗೇತಿ. ಇಡೀ ಇಳಕಲ್ಲಿಗೆ ಕೇಳೂವಂಗ ಮಸೂತ್ಯಾಗ ಗುಡುಗತಿದ್ದ ಬಾಯಿ! ಮಸೂತಿ ಕಾರಭಾರ ಮಾಡೂ ಮುತವಲ್ಲಿ ಸಾಹೇಬ್ರ ಬಾಯಿ! ಈಗ ಜೊಲ್ಲ ಒರಸಾಕ ಮಂದಿ ಬೇಕು. ಖರೆ ಹೇಳ್ತೇನಿ, ನೋಡಿ ಭಾಳ ಖುಷಿ ಆತು ನನಗ.

ಬೆರಳ ಇಳಸು.

ಇಳಸಲೇ! ಗೊತ್ತೈತಿ ನನಗ, ಯಾಕ ಎತ್ತತಿ ಅಂತ. ನಮಾಜದಾಗ ಕುಂತು ಅಲ್ಲಾ ಒಬ್ಬನ ಅಂತ ಸಾಕ್ಷಿ ಹೇಳೂ ಬೆರಳ ಇದು. ಬಾಯಿ ಬಿದ್ದಾಂವ ಇದನ್ನ ಎತ್ತಿದ್ರ ಕಲಮಾ ಅಂದಂಗ. ಮೈಯೆಲ್ಲಾ ಕಟಿಗಿ ಆದ್ರೂ ಇದೊಂದ ಏಳತೈತಿ... ಇರಲಿ, ನನ್ನ ಮುಷ್ಟಿಯೊಳಗ ಇರಲಿ. ಸೊಸಿ ನೋಡಿದ್ರ, ಚಾಚಾ ದೋಸ್ತನ ಕೈ ಹಿಡ್ಕೊಂಡು ಕುಂತಾನ ಅಂತಾಳ.

ನೀ ಎಲ್ಲಾ ಮಾಡಿದಿ ಬಿಡಪಾ. ಐದೂ ಹೊತ್ತು ನಮಾಜ. ಜ್ವರದಾಗೂ ರೋಜಾ ಬಿಟ್ಟಾಂವಲ್ಲ. ಹಜ್ಜಕ್ಕ ಹೋಗಿ ಬಂದು ಓಣಿಗೆಲ್ಲಾ ಖಜೂರ ಹಂಚಿದಿ. ಬಡವರಿಗೆ ಕೊಡೂ ಜಕಾತ್... ಆ ಮಾತ ನನ್ನ ಮಗ ಅಯಾನ ಎತ್ತಿದ್ದ. ಗಂಡ ಸತ್ತ ಹೆಂಗಸರ ಪಾಲಿನ ಅಕ್ಕಿ ನಿಮ್ಮ ಅಕ್ಕನ ಮನಿಗೆ ಯಾಕ ಹೋತು ಅಂತ ಜಮಾತಿನ್ಯಾಗ ಎದ್ದ ನಿಂತು ಕೇಳಿದ. ಅದೊಂದ ಅವನ ಗುನ್ಹೆ!

ಆಮ್ಯಾಲೆ ಆ ರಂಜಾನ್. ನಸುಕಿನ್ಯಾಗ ಸಹರಿ ಊಟಕ್ಕ ನಾನ ಎಬ್ಬಿಸಿದ್ನಿ ಅವನ್ನ. ಅವರವ್ವ ಬಿಸಿ ರೊಟ್ಟಿ ಬಡದ್ಲು. ರೋಜಾ ಹಿಡದು, ಸೀರಿ ಗಂಟ ಕಟಗೊಂಡು ಹುನಗುಂದಕ್ಕ ಹೋದ. ಬರೂವಾಗ ಲಾರಿ ಬಡೀತು. ಮೊದಲ ಮುಟ್ಟಿದಾಂವ ಯಾರು? ನೀ! ಜೀವ ಹೋಗೂವಾಗ ತಲಿ ಯಾರ ತೊಡಿ ಮ್ಯಾಗ ಇತ್ತು? ನಿನ್ನ ತೊಡಿ ಮ್ಯಾಗ! ಬಂದು ಮಸೂತ್ಯಾಗ ಏನ ಹೇಳಿದಿ? ಹುಡುಗನ ಬಾಯಿ ದಾರು ನಾರತಿತ್ತು ಅಂದಿ. ರೋಜಾ ಇದ್ದ ಬಾಯಿಗೆ, ರಾಜೇಸಾಬ! ನೀರ ಸೈತ ಮುಟ್ಟದ ಬಾಯಿಗೆ!

ನಿನ್ನ ಮಾತಿಗೆ ಹೆದರಿ ಜನಾಜಾ ನಮಾಜಕ್ಕ ಒಂದ ಸಾಲ ತುಂಬಲಿಲ್ಲ. ಹೆಣಾ ಹೊರಾಕ ಮಸೂತಿ ಮಂಚಾ ಕೊಡಲಿಲ್ಲ, ನಮ್ಮ ಮನಿ ಹೊರಸಿನ ಮ್ಯಾಗ ಒಯ್ದೆವು. ಕುರುಬರ ಚಂದಪ್ಪ ಮಗ್ಗ ಬಿಟ್ಟು ಬಂದು ಹೆಗಲ ಕೊಟ್ಟ. ನೀ ಕಟ್ಟಿ ಮ್ಯಾಗ ನಿಂತು ನೋಡಿದಿ.

ಅದನ್ನೂ ನುಂಗಿದ್ನಿ. ನಿನ್ನ ಕಾಲ ಹಿಡದು ಒಂದ ಮಾತ ಕೇಳಿದ್ನಿ, ನೆನಪೈತಿಲ್ಲೊ? "ಕೊನೀಗೆ ಕಲಮಾ ಅಂದ್ನೇನಪಾ? ತುಟಿಯರೆ ಅಳ್ಳಾಡಿದ್ವೇನು?" ನೀ ಏನಂದಿ? ಕಾಲ ಜಗ್ಗಿಕೊಂಡು, "ನನಗ ಕೇಳಿಸ್ಲಿಲ್ಲ ದಾವಲ" ಅಂದಿ. ಅಷ್ಟ! ಅವರವ್ವ ಇವತ್ತಿಗೂ ನಮಾಜ ಮುಗಸಿ ನನ್ನ ಮಾರಿ ನೋಡ್ತಾಳ. ಅಂದಿದ್ನಂತೇನ್ರಿ, ಅಂತ. ಏನ ಹೇಳ್ಲಿ ಆಕಿಗೆ? ಹೇಳಲೇ, ಏನ ಹೇಳ್ಲಿ!

ಕಣ್ಣೀರ ಬ್ಯಾಡ. ಅದರಿಂದ ಏನೂ ಆಗೂದಿಲ್ಲ.

ಕೇಳಿಲ್ಲೆ. ನನಗ ಬೇಕಾದ್ದ ನಿನ್ನ ಹಂತ್ಯಾಕ ಐತಿ, ನಿನಗ ಬೇಕಾದ್ದ ನನ್ನ ಹಂತ್ಯಾಕ ಐತಿ. ನನ್ನ ಮಗ ಕಲಮಾ ಅಂದಿದ್ರ, ಒಮ್ಮೆ ಕಣ್ಣ ಮುಚ್ಚಿ ತಗಿ. ಸಾಕು. ಇಲ್ಲಾಂದ್ರ ನಾ ಓದೂದಿಲ್ಲ. ಇಮಾಮ್ರು ಬರೂತನಕ ಹಿಂಗ ಕುಂಡ್ರತೇನಿ, ಬೆರಳೂ ಬಿಡೂದಿಲ್ಲ. ನನ್ನ ಮಗ ಹೆಂಗ ಹೋದನೋ ನೀನೂ ಹಂಗ ಹೋಗು!

ಎಷ್ಟ ಜಗ್ಗತೈತಲೇ ಈ ಬೆರಳ... ಜಗ್ಗು, ಜಗ್ಗು. ಮೊದಲ ಕಣ್ಣ.

ಹಾಂ! ಮುಚ್ಚಿದಿ! ಮುಚ್ಚಿದೆಲ್ಲೊ? ಅಂದಿದ್ನ ಹಂಗಾರ! ಅಂದಿದ್ದ ನನ್ನ ಕೂಸು!...

ತಗಿ ಈಗ.

ತಗಿಯಪಾ. ಮುಚ್ಚಿ ತಗಿ ಅಂದೇನಿ, ಬರೇ ಮುಚ್ಚು ಅಂದಿಲ್ಲ. ಬರೇ ಮುಚ್ಚಿದ್ರ ಹ್ಯಾಂಗ ತಿಳೀಬೇಕು ನಾ? ಆಟಾ ಆಡಬ್ಯಾಡ... ರಾಜಾ... ಲೇ ರಾಜಾ!

ಬೆರಳ ಯಾಕ ಜಗ್ಗವಲ್ದು? ತಗೋ, ಬಿಟ್ನಿ. ಬಿಟ್ನಿ ನೋಡು, ಎತ್ತು! ಎತ್ತಲೇ! ...ನಾ ಓದತಿದ್ನಿ ಲೇ! ಹೆದರಸಾಕ ಅಂದದ್ದು, ಖರೇನ ಓದತಿದ್ನಿ! ಮನಿಂದ ಬರೂವಾಗ ಓದಬೇಕಂತನ ಬಂದಿದ್ನಿ... ಲಾ ಇಲಾಹ ಇಲ್ಲಲ್ಲಾಹ್... ಕೇಳಿಲ್ಲೆ, ಲಾ ಇಲಾಹ...

ಏನವ್ವಾ? ...ಹೂಂ. ಹೂಂ ಅಲೀಮಾ, ಆತು... ಹೋದ್ರು. ಈಗ. ಅಳಬ್ಯಾಡ.

ಕೈಯೇನು? ಹೂಂ, ಹಿಡ್ಕೊಂಡಿದ್ನಿ. ಮೊದಲಿಂದ ಹಿಡ್ಕೊಂಡಿದ್ನಿ.

ಏನಂದಿ?

ಮಾವ ಕಲಮಾ ಅಂದ್ರೇನು ಅಂತೀ? ತುಟಿ... ತುಟಿಯರೆ ಅಳ್ಳಾಡಿದ್ವೇನು ಅಂತೀ?

ನನಗ... ನನಗ ಕೇಳಿಸ್ಲಿಲ್ಲವ್ವಾ.