ನೀಲಿ ಬಕೆಟ್ಟಿನ ಹಿಂಡಿ

ನಾನು ಮಾಲತಿ ಕೋಂ ಭಾಸ್ಕರ ನಾಯ್ಕ, ವಯಸ್ಸು 43, ಉದ್ಯೋಗ ಹೊಲಿಗೆ ಮತ್ತು ಮಲ್ಲಿಗೆ ಬೆಳೆಯುವುದು, ಸಾಕಿನ್ ಮುಟ್ಟಳ್ಳಿ, ತಾಲೂಕು ಭಟ್ಕಳ. ನನ್ನ ಮೇಲಿನ ದೂರಿನ ಬಗ್ಗೆ ಈ ದಿನ ಬೆಳಿಗ್ಗೆ 11 ಗಂಟೆಗೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಪಕ್ಕದ ಮನೆಯ ಬಂಗಾರಿ ಕೋಂ ತಿಮ್ಮ ದೇವಾಡಿಗ ಇವರ ಗಬ್ಬದ ದನ ನಿನ್ನೆ ಸತ್ತಿದೆ. ನಾನೇ ವಿಷವಿಟ್ಟು ಕೊಂದೆನೆಂದು ಅವರ ದೂರು. ದನ ಸತ್ತದ್ದು ನನ್ನ ಗೊಬ್ಬರದಿಂದಲೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಲ್ಲಬೇಕೆಂದು ಇಟ್ಟದ್ದಲ್ಲ.

ಎರಡು ಮನೆಗಳ ನಡುವೆ ಇರುವುದು ಒಂದೇ ಬೇಲಿ. ಬಹಳ ವರ್ಷಗಳಿಂದ ನಮ್ಮ ಮನೆಯ ಅಕ್ಕಿ ತೊಳೆದ ಅಕ್ಕಚ್ಚು ಅವರ ದನಕ್ಕೆ, ಅವರ ಕೊಟ್ಟಿಗೆಯ ಸಗಣಿ ನಮ್ಮ ಮಲ್ಲಿಗೆ ಗಿಡಕ್ಕೆ. ಬಂಗಾರಿಯ ಅತ್ತೆ ಹನುಮಕ್ಕ, ಎಪ್ಪತ್ತು ದಾಟಿದವರು, ಕಿವಿ ಮಂದ. ದಿನಾ ಹಿತ್ತಿಲಿನಿಂದ ಬಂದು ನೀಲಿ ಬಕೆಟ್ಟಿನ ಅಕ್ಕಚ್ಚು ಒಯ್ದು ದನಕ್ಕೆ ಕುಡಿಸಿ, ಬಕೆಟ್ ತೊಳೆದು ನಮ್ಮ ಒಗೆಯುವ ಕಲ್ಲಿನ ಮೇಲೆ ಕವುಚಿ, ಗಿಡದ ಬುಡದಲ್ಲಿ ಒಂದು ಬುಟ್ಟಿ ಸಗಣಿ ಇಟ್ಟು ಹೋಗುತ್ತಿದ್ದರು. ನಾವು ಮನೆಯಲ್ಲಿ ಇರಬೇಕೆಂದೇನೂ ಇರಲಿಲ್ಲ.

ಈ ತಿಂಗಳ 9ರಂದು ಆ ದನ ಬೇಲಿ ಮುರಿದು ಬಂದು ಮೊಗ್ಗು ಬಿಟ್ಟಿದ್ದ ನಾಲ್ಕು ಗಿಡಗಳ ಕುಡಿ ಮೇಯ್ದಿತು. ನನ್ನ ಬಾಯಿ ಜೋರು, ಕೇರಿಗೆಲ್ಲ ಗೊತ್ತು. ಇನ್ನೊಮ್ಮೆ ಬಂದರೆ ಕಾಲು ಮುರಿಯುತ್ತೇನೆಂದು ಎಲ್ಲರೆದುರು ಕೂಗಿದೆ. ಬಂಗಾರಿ "ಆತು, ಇನ್ನು ನಿಮ್ಮ ಅಕ್ಕಚ್ಚೂ ಬೇಡ, ನಮ್ಮ ಸಗಣಿಯೂ ಇಲ್ಲ" ಎಂದರು. ನಮ್ಮ ಹಿತ್ತಿಲು ತುಳಿಯಬಾರದೆಂದು ಅತ್ತೆಗೂ ತಾಕೀತು ಮಾಡಿದರು. ಮುರಿದ ಬೇಲಿಯನ್ನು ಅಂದೇ ಕಟ್ಟಿಸಿದೆ.

ಸಗಣಿ ನಿಂತಿತು, ಎಲೆ ಹಳದಿಯಾಗಿ ಮೊಗ್ಗು ಸಣ್ಣದಾಯಿತು. ಶೇಂಗಾ ಹಿಂಡಿ ನೆನೆಸಿ, ಯೂರಿಯಾ ಬೆರೆಸಿ, ಹತ್ತು ಪಾಲು ನೀರು ಸೇರಿಸಿ ಹೊಯ್ಯಬೇಕೆಂದು ಗೊಬ್ಬರದಂಗಡಿಯವರು ಹೇಳಿದರು. 16ರಂದು ಹಿಂಡಿ ನೆನೆಹಾಕಿದೆ, 17ರ ಸಂಜೆ ಯೂರಿಯಾ ಹಾಕಿದೆ. ಗೊಬ್ಬರ ಕಲಸುವ ಡಬ್ಬ ಒಡೆದಿತ್ತು. ಹೇಗೂ ಅಕ್ಕಚ್ಚು ನಿಂತಿದೆಯಲ್ಲ ಎಂದು ಆ ನೀಲಿ ಬಕೆಟ್ಟಿನಲ್ಲೇ ಮಾಡಿ, ಅಡಿಕೆ ಹಾಳೆ ಮುಚ್ಚಿ ಬಚ್ಚಲಿನ ಹಿಂದೆ ಇಟ್ಟೆ. ಇದು ನನ್ನ ತಪ್ಪು.

ನಿನ್ನೆ ಬೆಳಿಗ್ಗೆ 8 ಗಂಟೆಯ ಬಸ್ಸಿಗೆ ಕುಮಟಾದ ತಂಗಿಯ ಮನೆಗೆ ಹೋಗಿ ಸಂಜೆ ನಾಲ್ಕಕ್ಕೆ ಬಂದೆ. ಅವರ ಅಂಗಳದಲ್ಲಿ ಜನ ಸೇರಿದ್ದರು. ದನ ಹೊಟ್ಟೆಯುಬ್ಬಿ, ಬಾಯಲ್ಲಿ ನೊರೆ ಬಂದು ಬಿದ್ದಿತ್ತು. ಪಶುವೈದ್ಯರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು, ಹೊಟ್ಟೆಯೊಳಗಿನ ಕರುವೂ ಹೋಯಿತು. ಇದು ಯೂರಿಯಾ ತಿಂದ ಲಕ್ಷಣ, ಎಲ್ಲಿಂದ ಸಿಕ್ಕಿತು ಎಂದು ವೈದ್ಯರು ಕೇಳಿದಾಗ ನಮ್ಮ ಮನೆಯದೇ ಇರಬೇಕೆಂದು ನಾನೇ ಹೇಳಿದೆ. ತೆಂಗಿನಗುಂಡಿ ಬಂದರಿಗೆ ಮೀನು ಕೆಲಸಕ್ಕೆ ಹೋಗಿದ್ದ ಬಂಗಾರಿ ಆಗಷ್ಟೇ ಬಂದಿದ್ದರು. "ಕಾಲು ಮುರಿತೆ ಅಂದವ್ರು ಜೀವನೇ ತೆಗದ್ರಲ್ಲ ಮಾಲತಕ್ಕ" ಎಂದು ನನ್ನ ಸೆರಗು ಹಿಡಿದರು. ದನ ಬೇಲಿ ಹಾರಿ ಬರಲೆಂದೇ ನಾನು ಇಟ್ಟು ಹೋದೆನೆಂಬುದು ಅವರ ಮಾತು.

ಮನೆಗೆ ಬಂದು ಹಿತ್ತಿಲು ನೋಡಿದೆ. ಬೇಲಿ ಎಲ್ಲಿಯೂ ಮುರಿದಿರಲಿಲ್ಲ. ನೀಲಿ ಬಕೆಟ್ ತೊಳೆದು ಕಲ್ಲಿನ ಮೇಲೆ ಕವುಚಿತ್ತು. ಮಲ್ಲಿಗೆಯ ಬುಡದಲ್ಲಿ ಒಂದು ಬುಟ್ಟಿ ಸಗಣಿ ಇತ್ತು. ಅದು ಈಗಲೂ ಅಲ್ಲೇ ಇದೆ, ಗಿಡಕ್ಕೆ ಹಾಕಲು ನನಗೆ ಕೈ ಬರುತ್ತಿಲ್ಲ.

ಈ ದಿನ ಬೆಳಿಗ್ಗೆ ಹನುಮಕ್ಕ ಹಿತ್ತಿಲಿನಿಂದ ಬಂದರು. ನಿನ್ನೆಯಿಂದ ಊಟ ಮಾಡಿಲ್ಲ. ದನಕ್ಕೆ ಹಾವು ಮುಟ್ಟಿದೆಯೆಂದು ಅವರು ತಿಳಿದಿದ್ದಾರೆ. ನನ್ನ ಕೈ ಹಿಡಿದು, "ಬಂಗಾರಿಗೆ ಹೇಳ್ಬೇಡ ತಂಗಿ, ನಿನ್ನೆ ನಾ ಕದ್ದು ಬಂದಿದ್ದೆ. ನೀ ಸಿಟ್ಟು ಬಿಟ್ಟು ಬಸ್ರಿ ದನಕ್ಕೆ ಅಂತ ಹಿಂಡಿ ನೆನ್ಸಿಟ್ಟಿದ್ಯಲ್ಲ. ಬಕೇಟು ನೆಕ್ಕಿ ನೆಕ್ಕಿ ತಿಂತು. ಸಾಯೂ ದಿನ ಹೊಟ್ಟೆ ತುಂಬ ತಿಂದು ಹೋತು, ಅಷ್ಟಾದ್ರೂ ಆತು" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಬೇರೆ ಎಂತ ಹೇಳಲಿ?

ದನದ ಬಕೆಟ್ಟಿನಲ್ಲಿ ಗೊಬ್ಬರ ಇಟ್ಟದ್ದಕ್ಕೆ ನನ್ನ ಮೇಲೆ ಯಾವ ಕೇಸು ಹಾಕಿದರೂ ಒಪ್ಪುತ್ತೇನೆ. ಕೊಟ್ಟ ಕೈ ಯಾರದೆಂದು ಮಾತ್ರ ಆ ಮನೆಯಲ್ಲಿ ಕೇಳಬಾರದು. ಪಂಚನಾಮೆಗೆ ಬಂದಾಗ ಇದನ್ನು ಅಲ್ಲಿ ಓದುವುದಾದರೆ ಹನುಮಕ್ಕನ ಮಾತು ಬಿಟ್ಟು ಓದಬೇಕೆಂದು ಕೈಮುಗಿದು ಕೇಳುತ್ತೇನೆ. ನಾನೇ ಕೊಂದೆನೆಂದು ಬಂಗಾರಿ ನಂಬಿದರೆ ನಂಬಲಿ.

ಇದಿಷ್ಟೂ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಓದಿಸಿ ಕೇಳಿದ್ದೇನೆ, ಹೇಳಿದಂತೆಯೇ ಇದೆ.

ಸ್ಥಳ: ಭಟ್ಕಳ
ದಿನಾಂಕ: 19-04-2002
ಸಹಿ: ಮಾಲತಿ ಭಾಸ್ಕರ ನಾಯ್ಕ