ಬಂದೆ

ಕರೆಂಟು ಬರುವ ಲಕ್ಷಣ ಇಲ್ಲ. ಗಾಳಿ ಜೋರಾಗುತ್ತಿದೆ. ನಿಮಗೆ ನಿದ್ದೆ ಬರುತ್ತಿಲ್ಲ, ದೆವ್ವದ ಕತೆ ಬೇಕು ಅನ್ನುತ್ತೀರಿ. ನಾನು ದೆವ್ವ ನಂಬುವವನಲ್ಲ. ಗೊತ್ತಿದ್ದೇ ನನ್ನನ್ನು ಕೆಣಕುತ್ತಿದ್ದೀರಿ. ಸರಿ. ನಡೆದದ್ದನ್ನು ಹೇಳುತ್ತೇನೆ. ಅದಕ್ಕೆ ಹೆಸರು ನೀವೇ ಇಟ್ಟುಕೊಳ್ಳಿ.

ಇಂಥದ್ದೇ ರಾತ್ರಿ. ಬೆಳಗಾಗುವುದರೊಳಗೆ ಚಂಡಮಾರುತ ದಡ ಮುಟ್ಟುತ್ತದೆ ಎಂದು ರೇಡಿಯೋ ಹೇಳಿ ಹೇಳಿ ಗಂಟಲು ಕಟ್ಟಿಕೊಂಡಿತ್ತು. ನನ್ನ ಭಾವ ಕೆಲಸ ಮುಗಿಸಿ, ಹಳೇ ಬಾವಿಯ ಓಣಿಯಲ್ಲಿ ಮನೆಗೆ ನಡೆದು ಹೋಗುತ್ತಿದ್ದ. ಭಾವ ಎಂದರೆ ದೊಡ್ಡಮ್ಮನ ಮಗಳ ಗಂಡ. ಎದುರಿಗೆ 'ನೀವು' ಅನ್ನುತ್ತಿದ್ದೆ. ಬೆನ್ನ ಹಿಂದೆ 'ಅವನು'. ಕಾರಣ ಇತ್ತು.

ಭಾವ ಬಡಗಿ. ಸೈಕ್ಲೋನ್ ಸುದ್ದಿ ಬಂದಾಗಿನಿಂದ ಅವನಷ್ಟು ಬೇಕಾದ ಮನುಷ್ಯ ಊರಲ್ಲೇ ಇರಲಿಲ್ಲ. ಎಲ್ಲರ ಕಿಟಕಿಗೂ ಹಲಗೆ ಬಡಿಯಬೇಕಲ್ಲ. ಡಾಕ್ಟರ ಮನೆ, ಔಷಧಿ ಅಂಗಡಿ, ಮೀನಿನ ಗೋದಾಮು... ಎಲ್ಲ ಕಡೆ ಅವನದೇ ಸುತ್ತಿಗೆ. ಅವನು ಹೊಡೆದ ಮೊಳೆ ತಲೆ ಎತ್ತುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ನಿಜ. ಅವನ ಮನೆಯಲ್ಲಿ ಹೆಂಡತಿಯೂ ತಲೆ ಎತ್ತುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಓಣಿಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ದಿಬ್ಬದ ಮೇಲಿನ ಶಾಲೆಗೆ ಹೊರಟಿದ್ದರು. ಗಟ್ಟಿ ಕಟ್ಟಡ ಅದೊಂದೇ. ಅಕ್ಕನೂ ಒಂದು ಚೀಲ ತುಂಬಿಟ್ಟಿದ್ದಳು. ಭಾವ ಚೀಲ ನೋಡಿದ.

"ಎಲ್ಲಿಗೆ ಸವಾರಿ?"

"ಶಾಲೆಗೆ. ಎಲ್ಲರೂ ಹೋಗ್ತಿದಾರೆ..."

"ಎಲ್ಲರ ಮನೇಲೂ ಇಷ್ಟು ತೇಗ ಬಿದ್ದಿದೆಯಾ? ನೀನು ಹೋದ್ರೆ ಇದನ್ನ ಕಾಯೋಕೆ ನಿಮ್ಮಪ್ಪ ಬರ್ತಾನಾ?"

ಶೆಡ್ಡಿನ ಮರವನ್ನೆಲ್ಲ ಅವಳ ಕೈಲೇ ಮನೆಯೊಳಗೆ ಹೊರಿಸಿದ. ಆಮೇಲೆ ಹೊರಗಿನಿಂದ ಕಿಟಕಿಗಳಿಗೆ ಹಲಗೆ ಬಡಿದ. ಕೊನೆಗೆ ಮುಂಬಾಗಿಲಿಗೂ ಅಡ್ಡಪಟ್ಟಿ ಹೊಡೆಯತೊಡಗಿದ.

"ಮುಂಬಾಗಿಲಿಗೆ ಯಾಕ್ರೀ?" ಎಂದು ಅಕ್ಕ ಒಳಗಿನಿಂದ ಕೇಳಿದಳು.

"ಗಾಳಿಗೆ ಅಂದ್ಕೊಂಡ್ಯಾ? ನಿನಗೆ ಕಣೇ."

ನಕ್ಕ. ತಮಾಷೆಯ ಮನುಷ್ಯ ಎಂದು ಓಣಿಯವರೆಲ್ಲ ಹೇಳುತ್ತಾರೆ.

ಉಳಿದದ್ದು ಹಿಂಬಾಗಿಲೊಂದೇ. ಅದಕ್ಕೆ ಚಿಲಕ ಒಳಗಿತ್ತು. ಅವಳು ಅದನ್ನು ತೆಗೆದು ಓಡಿಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅವಳ ಎಡಗೈ ಹೆಬ್ಬೆರಳು ನೋಡಿದ್ದರೆ ಕೇಳುತ್ತಿರಲಿಲ್ಲ.

ಅದಕ್ಕೆ ಒಂದೆರಡು ವಾರ ಹಿಂದೆ, ಭಾವ ಸ್ಟೂಲಿಗೆ ಮೊಳೆ ಹೊಡೆಯುವಾಗ ಅಕ್ಕ ಏನೋ ಮಾತಾಡಿಸಿದಳಂತೆ. ಗುರಿ ತಪ್ಪಿ ಸುತ್ತಿಗೆ ಅವನ ಎಡ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಪ್ಪಾಯಿತು. ಅವನು ಕೂಗಾಡಲಿಲ್ಲ. ಅವಳ ಕೈ ಹಿಡಿದು ಸ್ಟೂಲಿನ ಮೇಲಿಟ್ಟ. "ಗಂಡ ಹೆಂಡತಿ ಅಂದ್ಮೇಲೆ ಜೋಡಿ ಇರ್ಬೇಕು" ಎಂದು ಒಂದೇ ಏಟು ಕೊಟ್ಟ. ಅವಳ ಉಗುರೂ ಕಪ್ಪಾಯಿತು. ನಮಗೆಲ್ಲ ಬಾಗಿಲಿಗೆ ಸಿಕ್ಕಿತು ಎಂದಿದ್ದಳು.

ಈಗ ಬಾವಿಗೆ ಬರೋಣ.

ಆ ರಾತ್ರಿ ಬಾವಿಯವರೆಗೆ ಅವನ ಜೊತೆಗಿದ್ದವನು ಟೀ ಅಂಗಡಿಯವನು. ಊರಿಗೆಲ್ಲ ಅವನು 'ಸಪ್ಪೆ'. ಅವನ ಟೀ ಕುಡಿದವರು ಹೆಸರಿನ ಕಾರಣ ಕೇಳುವುದಿಲ್ಲ. ಇದಿಷ್ಟು ಅವನೇ ಆಮೇಲೆ ಅಂಗಡಿಯಲ್ಲಿ ನನಗೆ ಹೇಳಿದ್ದು. ಬಾವಿಯ ಹತ್ತಿರ ದಾರಿ ಕವಲಾಗುತ್ತದೆ. ಒಂದು ಶಾಲೆಗೆ, ಇನ್ನೊಂದು ಭಾವನ ಮನೆಗೆ. ಅಲ್ಲಿ ಹಗ್ಗವಿಲ್ಲದ ರಾಟೆ ತಿರುಗುತ್ತಿತ್ತು. ಕಿರ್ರ್... ಕಿರ್ರ್... ಗಾಳಿಗೆ ರಾಟೆ ತಿರುಗುವುದು ದೊಡ್ಡ ವಿಷಯವಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

"ಮೇಸ್ತ್ರಿ, ಅತ್ತಿಗೇನ ಕರ್ಕೊಂಡು ಶಾಲೆಗೇ ಬಂದ್ಬಿಡಿ. ಒಬ್ರೇ ಹೆದರ್ಕೊಂಡಿರ್ತಾರೆ."

"ಹೆದರ್ಲಿ ಬಿಡೋ. ಹೆದರಿಕೆ ಇದ್ರೇನೇ ಕಿವಿ ಚುರುಕಾಗಿರೋದು. ನಾನು ಒಂದು ಸಲ ಕೂಗಿದ್ರೆ ಹೆಂಗೆ ಓಡಿ ಬರ್ತಾಳೆ, ತೋರಿಸ್ಲಾ?"

ಭಾವ ಬಾವಿಯ ಕಟ್ಟೆಗೆ ಹೊಟ್ಟೆ ಆನಿಸಿ ಒಳಗೆ ಬಗ್ಗಿದ.

"ಲೇ... ಬಾಗಿಲು ತೆಗಿಯೇ!"

ಆಮೇಲೆ ದನಿ ಸಣ್ಣ ಮಾಡಿ, ಅಕ್ಕನ ಹಾಗೆ: "ಬಂದೆ... ಬಂದೆ..."

ಸಪ್ಪೆ ನಕ್ಕನಂತೆ. "ನಗದಿದ್ರೆ ನನ್ನೇ ಆಡ್ಕೋತಿದ್ರು ಸಾರ್" ಎಂದ. ಬಾವಿಯೂ ತನ್ನ ಕೆಲಸ ಮಾಡಿತು. 'ತೆಗಿಯೇ... ಗಿಯೇ... ಬಂದೆ... ಅಂದೆ...' ಪ್ರತಿಧ್ವನಿ. ಎಂಟನೇ ಕ್ಲಾಸಿನ ಪಾಠ.

ಭಾವನಿಗೆ ಹುರುಪು ಬಂತು. ಮತ್ತೆ ಬಗ್ಗಿದ.

"ಲೇ... ಬಾಗಿಲು ತೆಗಿಯೇ!"

ಈ ಸಲ ಪ್ರತಿಧ್ವನಿ ಬರಲಿಲ್ಲ. ರಾಟೆ ನಿಂತಿತು. ಗಾಳಿಯೂ ಉಸಿರು ಹಿಡಿದ ಹಾಗೆ ನಿಂತಿತು. ಕೆಳಗೆಲ್ಲೋ ಒಂದು ಹನಿ... ಟುಳುಕ್. ಆಮೇಲೆ ಬಾವಿಯ ತಳದಿಂದ, ಭಾವನದೇ ದನಿಯಲ್ಲಿ, ಒಂದಿಷ್ಟೂ ಅವಸರವಿಲ್ಲದೆ:

"ಬಂದೆ."

ಸಪ್ಪೆ ಪಿಸುಗುಟ್ಟಿದ. "ನೀವೇ ಅಂದ್ರಿ ತಾನೇ ಮೇಸ್ತ್ರಿ?"

"ನಾನು ಬಾಯೇ ಬಿಟ್ಟಿಲ್ಲ ಕಣೋ."

"ನಡೀರಿ. ನಡೀರಿ ಹೋಗೋಣ..."

"ಇರೋ. ಯಾವನೋ ಕುಡುಕ ಒಳಗೆ ಇಳ್ಕೊಂಡು ಆಟ ಆಡ್ತಿದಾನೆ. ಅವನ ಮುಖ ನೋಡ್ದೆ ನಾನು ಹೋಗಲ್ಲ."

ಸಪ್ಪೆ ನಿಲ್ಲಲಿಲ್ಲ. ಶಾಲೆಯ ದಿಬ್ಬದ ಕಡೆ ಓಡಿದ. ಓಡುವಾಗ ಹಿಂದಿನಿಂದ ಒಂದು ಸದ್ದು ಕೇಳಿತು. ಗುಳುಂ.

"ಮೇಸ್ತ್ರಿ ಬಿದ್ನೇನೋ?" ಎಂದು ನಾನು ಕೇಳಿದೆ.

"ಇಲ್ಲ ಸಾರ್" ಎಂದ ಸಪ್ಪೆ. "ಬಿದ್ದ ಸದ್ದಲ್ಲ ಅದು. ಎದ್ದ ಸದ್ದು."

ಅಂಥ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಎಂದು ನಾನು ವಾದ ಮಾಡಿದೆ. ಅವನು ಒಲೆಯ ಕಡೆ ತಿರುಗಿದ. ಟೀ ಕೊಟ್ಟ. ಸಪ್ಪೆ.

ಮುಂದಿನದು ಅಕ್ಕ ಹೇಳಿದ್ದು. ಗಾಳಿಯೆಲ್ಲ ಇಳಿದು, ರಸ್ತೆ ತೆರೆದ ಮೇಲೆ ನಾನು ಅವಳ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಕೂತು ಪಿಸುಮಾತಿನಲ್ಲಿ ಹೇಳಿದಳು. ಅಂಗಳದಲ್ಲಿ ಭಾವ ಮರ ಕೀಸುತ್ತಿದ್ದ. ಸರಕ್... ಸರಕ್...

ಆ ರಾತ್ರಿ ಅವಳು ಮೇಣದಬತ್ತಿ ಹಚ್ಚಿಕೊಂಡು ಮರದ ರಾಶಿಯ ಪಕ್ಕ ಕೂತಿದ್ದಳು. ಹಿಂಬಾಗಿಲು ಸದ್ದಾಯಿತು. ಟಕ್... ಟಕ್. ಭಾವ ಬಾಗಿಲು ತಟ್ಟುವವನಲ್ಲ, ಒದೆಯುವವನು. ಆದರೂ ಅವಳ ಕಾಲು ಅವಳ ಮಾತು ಕೇಳಲಿಲ್ಲ. "ಬಂದೆ, ಬಂದೆ" ಎಂದು ಹೋಗಿ ತೆಗೆದಳು. ಒಳಗೆ ಬಂದ. ಅದೇ ಮುಖ, ಅದೇ ಅಂಗಿ. ನೀರು ಇಳಿಯುತ್ತಿತ್ತು. ಅವಳು ಚಿಲಕ ಹಾಕಿದಳು. ಅವನು ಮರದ ರಾಶಿಯ ಮೇಲೆ ಕೂತು, ಹೊಸ ಮನೆಗೆ ಬಂದ ನೆಂಟನ ಹಾಗೆ ಸುತ್ತ ನೋಡಿದ. ಟವೆಲು ತಂದು, ಎದುರಿಗೆ ಕೂತು ಕೊಟ್ಟಳು. ತೆಗೆದುಕೊಳ್ಳುವಾಗ ಅವಳ ಹೆಬ್ಬೆರಳು ಕಂಡಿತು.

"ಇದೇನಾಯ್ತು?"

ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. ಅವನು ತಮಾಷೆಯಿಂದ ಶುರು ಮಾಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತು.

"ನೋವಾಯ್ತಾ?"

ಆಗ ಅವಳು ಅವನ ಎಡಗೈ ನೋಡಿದಳು. ಹೆಬ್ಬೆರಳಿನ ಉಗುರು ಎಳೇ ಮಗುವಿನದರ ಹಾಗೆ ಬೆಳ್ಳಗಿತ್ತು.

ಅಷ್ಟರಲ್ಲಿ ಹಿಂಬಾಗಿಲಿಗೆ ಧಡ್ ಎಂದು ಒದೆ ಬಿತ್ತು.

"ಲೇ! ಬಾಗಿಲು ತೆಗಿಯೇ!"

"ಬಂದೆ" ಅಂದಳು ಅಕ್ಕ. ಅರ್ಧ ಎದ್ದೂ ಎದ್ದಳು.

ಕೂತವನು ಅವಳ ಮುಖ ನೋಡಿದ. ಮೆಲ್ಲಗೆ ಕೇಳಿದ.

"ನಾನು ತೆಗೀಲಾ? ನೀನು ಹೇಳು."

ಧಡ್. ಧಡ್. "ಕಿವುಡಿ! ಸತ್ತಿದೀಯೇನೇ ಒಳಗೆ?"

ಅಕ್ಕ ಕೂತಳು.

"ಬೇಡ" ಎಂದಳು.

ಸರ್ರ್ ಎಂದು ಮಳೆ ಸುರಿಯಿತು. ಮಳೆಯ ಹಿಂದೆಯೇ ಗಾಳಿ ಬಂತು... ಹೂಂ... ಎಂದು ಒಂದೇ ಸಮನೆ. ಯಾರದೋ ತಗಡು ಪಟಪಟ ಬಡಿದುಕೊಂಡು, ಕಿತ್ತು, ಝಣ್ ಎಂದು ಹಾರಿತು. ಹೊರಗಿದ್ದವನು ಹಿಂಬಾಗಿಲು ಬಿಟ್ಟು ಕಿಟಕಿಗೆ ಹೋದ. ಸುತ್ತಿಗೆಯ ಬಾಲದಿಂದ ಮೊಳೆ ಕೀಳುವ ಸದ್ದು. ಕೀಂಯ್... ಕೀಂಯ್... ಒಂದೂ ಬರಲಿಲ್ಲ. ಹೇಳಿದೆನಲ್ಲ, ಅವನ ಕೆಲಸ ಬಹಳ ಗಟ್ಟಿ.

ಮತ್ತೆ ಹಿಂಬಾಗಿಲಿಗೆ ಬಂದ.

"ತೆಗಿಯೇ ಮುಂಡೇದೇ!"

"ಬಂದೆ."

"ತೆಗಿ ಕಣೇ... ಗಾಳಿ ಎಳ್ಕೊಂಡು ಹೋಗ್ತಿದೆ ಕಣೇ..."

"ಬಂದೆ, ಬಂದೆ."

"ನಿನ್ನ ಕಾಲಿಗೆ ಬೀಳ್ತೀನಿ... ತೆಗಿಯಮ್ಮಾ..."

"ಬಂದೆ."

ಕೊನೆಕೊನೆಗೆ ಬರೀ "ಅಮ್ಮಾ" ಅಂದನಂತೆ. ಆಮೇಲೆ ಉಗುರಿನಿಂದ ಬಾಗಿಲು ಕೆರೆಯುವ ಸದ್ದು. ಕರ... ಕರ... ಆಮೇಲೆ ಅದೂ ಇಲ್ಲ.

ಇಷ್ಟನ್ನೂ ಅಕ್ಕ ಸೊಪ್ಪು ಬಿಡಿಸುತ್ತಾ ಹೇಳಿದಳು. ಒಂದು ಮಾತು ನಾನು ಗಮನಿಸಿದೆ. ಹೊರಗಿದ್ದವನನ್ನು 'ಅವರು' ಅನ್ನುತ್ತಿದ್ದಳು. ಒಳಗಿದ್ದವನನ್ನು 'ಇವರು'.

"ಸರಿ, ತೆಗೀಲಿಲ್ಲ. ಭಯ. ಅರ್ಥ ಆಗುತ್ತೆ" ಎಂದೆ. "ಆದ್ರೆ ಬಂದೆ ಬಂದೆ ಅಂತ ಯಾಕಂದೆ ಅಕ್ಕ? ಅಭ್ಯಾಸನಾ?"

"ಮೊದಲ್ನೇ ಸಲ ಅಭ್ಯಾಸ" ಎಂದಳು.

"ಆಮೇಲೆ?"

ಸೊಪ್ಪಿನ ದಂಟು ಮುರಿದಳು. ಟಿಕ್.

"ಸುಮ್ಮನಿದ್ದಿದ್ರೆ ಶಾಲೆಗೆ ಹೋಗ್ಬಿಡ್ತಿದ್ರಲ್ಲೋ."

ನನಗೆ ನೀರು ಬೇಕೆನಿಸಿತು. ಕೇಳಲಿಲ್ಲ.

ಗಾಳಿ ನಿಂತ ಮೇಲೆ ಓಣಿಯ ಬೇಲಿಯಲ್ಲಿ ಒಂದು ಹೆಣ ಸಿಕ್ಕಿಕೊಂಡಿತ್ತು. ತಗಡು ಬಡಿದು ಮುಖ ಇರಲಿಲ್ಲ. ಬಟ್ಟೆ ಗಾಳಿಯ ಪಾಲಾಗಿತ್ತು. ಯಾರೆಂದು ಯಾರಿಗೂ ತಿಳಿಯಲಿಲ್ಲ. ಯಾರಾದರೂ ಕಾಣೆಯಾಗಿದ್ದಾರಾ ಎಂದು ಪೊಲೀಸರು ಮನೆಮನೆಗೆ ಬಂದು ಕೇಳಿದರು. ಅಕ್ಕ ಗಂಡನನ್ನು ಬಾಗಿಲಿಗೆ ಕರೆದು ತೋರಿಸಿದಳು. ನಮ್ಮನೆಯವರು ಇಲ್ಲೇ ಇದಾರೆ ಎಂದಳು. ಸಮುದ್ರದಿಂದ ಬಂದದ್ದು ಎಂದು ಬರೆದುಕೊಂಡು ಹೋದರು. ಹೆಣ ಹೊರುವುದಕ್ಕೆ ಹಲಗೆ ಬೇಕಿತ್ತು. ಭಾವನ ಮನೆಯಿಂದಲೇ ಕೊಟ್ಟರು. ತೇಗದ್ದು. ಅದನ್ನು ಮುಂದೆ ನಿಂತು ಹೊತ್ತವನೂ ಅವನೇ. ಹಲಗೆಯಿಂದ ಎಡಗೈ ಜಾರಿ ಹೊರಗೆ ಬಿದ್ದಾಗ ಅಕ್ಕ ಎತ್ತಿ, ಮೈಗೆ ಹೊದಿಸಿದ್ದ ಗೋಣಿಯೊಳಗೆ ಸೇರಿಸಿದಳಂತೆ.

"ಉಗುರು?" ಎಂದೆ.

"ಜೋಡಿ" ಎಂದಳು.

ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ ಎಂದುಕೊಳ್ಳಬೇಡಿ. ಇದೆ. ಭಯಕ್ಕೆ ಅಕ್ಕನ ಬುದ್ಧಿ ಕೆಟ್ಟಿತ್ತು. ಗಂಡ ಒಳಗೇ ಇದ್ದ. ಹೊರಗೆ ಬಂದವನು ಯಾವನೋ ಬಡಪಾಯಿ, ಆಸರೆ ಕೇಳಿಕೊಂಡು ಬಂದ ದಾರಿಹೋಕ. ಬಾಗಿಲು ತೆಗೆಯದ ಪಾಪವನ್ನು ಹೊರಲಾರದೆ ಅವಳ ಮನಸ್ಸು ಈ ಕತೆ ಕಟ್ಟಿಕೊಂಡಿತು. ಗಂಡನ ಉಗುರು ಅಷ್ಟರಲ್ಲಿ ವಾಸಿಯಾಗಿತ್ತು. ಸಪ್ಪೆ ಕುಡಿದಿದ್ದ. ಚೆನ್ನಾಗಿ ಕೂರುತ್ತದೆ. ನಾನೇ ಜೋಡಿಸಿದ್ದು.

ಹೊರಡಲು ಎದ್ದು ಅಂಗಳಕ್ಕೆ ಬಂದೆ. ನಡು ಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು. ಭಾವ ಮುರಿದ ಸ್ಟೂಲಿಗೆ ಮೊಳೆ ಹೊಡೆಯುತ್ತಿದ್ದ. ಟಣ್. ಟಣ್.

"ಹೊರಟ್ರಾ? ಊಟ ಮಾಡ್ಕೊಂಡು ಹೋಗ್ಬಹುದಿತ್ತು" ಎಂದ. ಅಷ್ಟು ವರ್ಷದಲ್ಲಿ ಆ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ.

ನನ್ನನ್ನು ಮಾತಾಡಿಸಿದ್ದಕ್ಕೋ ಏನೋ, ಗುರಿ ತಪ್ಪಿತು. ಸುತ್ತಿಗೆ ಎಡ ಹೆಬ್ಬೆರಳಿನ ಮೇಲೆ ಪೂರ್ತಿ ಬಿತ್ತು. ನಾನೇ ಅಯ್ಯೋ ಎಂದೆ. ಅವನು ಬೆರಳು ಕೂಡ ನೋಡಿಕೊಳ್ಳಲಿಲ್ಲ.

ಒಳಗಿನಿಂದ ಅಕ್ಕ ಕೂಗಿದಳು. "ರೀ... ಬನ್ರೀ ಇಲ್ಲಿ!"

"ಬಂದೆ" ಎಂದ. ಒಂದಿಷ್ಟೂ ಅವಸರವಿಲ್ಲದೆ. ಎದ್ದು ಒಳಗೆ ಹೋದ.

ದೆವ್ವ ಇಲ್ಲ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ನಾನು ನಿಂತಿದ್ದು ಅವನಿಂದ ಒಂದು ಮಾರು ದೂರದಲ್ಲಿ, ಹಾಡಹಗಲು, ನನ್ನ ಕಿವಿ ಸರಿಯಾಗಿದೆ. ಸುತ್ತಿಗೆ ಬೆರಳಿಗೆ ಬಿದ್ದಾಗ ಟಪ್ ಅನ್ನಲಿಲ್ಲ. ಗುಳುಂ ಅಂತು.